ಕಪ್ಪು ರಬ್ಬರಿನ ಮೇಲಿನ ಕಪ್ಪು ಅಕ್ಷರವನ್ನು ಲೇಸರ್ ಕ್ಯಾಮೆರಾ ಓದುವುದು ಹೇಗೆ?

ಪ್ರಶ್ನೆ: ನಾನು ಟೈರ್ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿದ್ದೇನೆ. ಟೈರಿನ ಪಕ್ಕದ ಮೈಮೇಲಿನ ಉಬ್ಬಕ್ಷರಗಳನ್ನು ಪರೀಕ್ಷಿಸಲು ಹೊಸದಾಗಿ ಅಳವಡಿಸಿರುವ ಲೇಸರ್ ಕ್ಯಾಮೆರಾ, ಆಳದ ಚಿತ್ರ ಮತ್ತು ಹೊಳಪಿನ ಚಿತ್ರ ಎರಡನ್ನೂ ಕೊಡುತ್ತದೆ. ಒಂದೇ ಕ್ಯಾಮೆರಾದಿಂದ ಎರಡೂ ಹೇಗೆ ಸಿಗುತ್ತವೆ? ಆಳ ತಿಳಿದ ಮೇಲೆ ಹೊಳಪು ಏಕೆ ಬೇಕು?

ಉತ್ತರ: ಇಂತಹ ಕ್ಯಾಮೆರಾ ಟೈರನ್ನು ಒಂದೇ ಬಾರಿಗೆ ನೋಡುವುದಿಲ್ಲ, ಗೆರೆಗೆರೆಯಾಗಿ ನೋಡುತ್ತದೆ. ನೇರವಾಗಿ ಬೀಳುವ ಲೇಸರ್ ಗೆರೆಯನ್ನು ಕ್ಯಾಮೆರಾ ಓರೆಯಾಗಿ ನೋಡುವುದರಿಂದ, ಅಕ್ಷರ ಉಬ್ಬಿದ ಕಡೆ ಆ ಗೆರೆ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಎರಡರ ನಡುವಿನ ಕೋನ 30 ಡಿಗ್ರಿ ಇದ್ದರೆ, 0.6 ಮಿ.ಮೀ. ಎತ್ತರದ ಅಕ್ಷರವು ಗೆರೆಯನ್ನು ಸುಮಾರು 0.3 ಮಿ.ಮೀ. ಸರಿಸುತ್ತದೆ, ಒಂದು ಪಿಕ್ಸೆಲ್ 0.1 ಮಿ.ಮೀ. ಜಾಗವನ್ನು ನೋಡುವಂತಿದ್ದರೆ ಅದು ಮೂರು ಪಿಕ್ಸೆಲ್‌ಗಳ ಸರಿತ. ಸೆನ್ಸರಿನ ಪ್ರತಿ ಕಂಬಸಾಲಿನಲ್ಲೂ (ಮೇಲಿಂದ ಕೆಳಗಿನ ಪಿಕ್ಸೆಲ್ ಸಾಲು) ಬೆಳಕು ಎಲ್ಲಿ ಗರಿಷ್ಠವಾಗಿದೆ ಎಂದು ಹುಡುಕಿ, ಅಕ್ಕಪಕ್ಕದ ಪಿಕ್ಸೆಲ್‌ಗಳ ಬೆಳಕನ್ನೂ ತೂಗಿ ಗೆರೆಯ ನಡುಬಿಂದುವನ್ನು ಲೆಕ್ಕಹಾಕುವುದರಿಂದ, ಒಂದು ಪಿಕ್ಸೆಲ್‌ಗಿಂತ ಸಣ್ಣ ಸರಿತವೂ ತಿಳಿಯುತ್ತದೆ. ಟೈರ್ ತಿರುಗಿದಂತೆ, ತಿರುಗುವಿಕೆಯನ್ನು ಅಳೆಯುವ ಎನ್‌ಕೋಡರ್ ಕೊಡುವ ಪ್ರತಿ ಸಂಕೇತಕ್ಕೆ ಒಂದೊಂದು ಗೆರೆ ಸೇರಿ ಆಳದ ಚಿತ್ರ ಪೂರ್ಣವಾಗುತ್ತದೆ. ಅಕ್ಷರವೂ ಹಿನ್ನೆಲೆಯೂ ಒಂದೇ ಬಣ್ಣದ್ದಾಗಿದ್ದರೂ ಇದಕ್ಕೆ ಅಡ್ಡಿಯಿಲ್ಲ.

ಗರಿಷ್ಠ ಬೆಳಕು ಎಲ್ಲಿದೆ ಎಂಬುದು ಆಳವಾದರೆ, ಅದು ಎಷ್ಟಿದೆ ಎಂಬುದೇ ಹೊಳಪು. ಎರಡೂ ಅದೇ ಪಿಕ್ಸೆಲ್‌ಗಳಿಂದ, ಅದೇ ಕ್ಷಣದಲ್ಲಿ ಬರುವುದರಿಂದ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರುತ್ತವೆ.

ಹೊಳಪಿನ ಚಿತ್ರದ ನಿಜವಾದ ಉಪಯೋಗ ಇರುವುದು ಆಳವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಹೇಳುವುದರಲ್ಲಿ. ಇದನ್ನು ಹಲವರು ಕಡೆಗಣಿಸುವುದು ನನಗೆ ಬೇಸರ ತರುತ್ತದೆ. ಕಪ್ಪು ರಬ್ಬರ್ ಬಹಳ ಕಡಿಮೆ ಬೆಳಕನ್ನು ಮರಳಿಸುತ್ತದೆ. ಅದಕ್ಕಾಗಿ ಎಕ್ಸ್‌ಪೋಷರ್ (ಬೆಳಕು ಹಿಡಿಯುವ ಸಮಯ) ಹೆಚ್ಚಿಸಿದರೆ ಬಿಳಿ ಅಕ್ಷರವಿರುವ ಟೈರಿನಲ್ಲಿ ಪಿಕ್ಸೆಲ್‌ಗಳು ಬೆಳಕಿನಿಂದ ತುಂಬಿಹೋಗಿ, ಗೆರೆಯ ನಡುಬಿಂದು ಎಲ್ಲೆಂದು ಹೇಳುವುದೇ ಕಷ್ಟವಾಗುತ್ತದೆ. ಬಿಳಿ ಮತ್ತು ಕಪ್ಪು ಸೇರುವ ಅಂಚಿನಲ್ಲಿ ಲೇಸರ್ ಗೆರೆಯ ಅಗಲದ ಅರ್ಧ ಬಿಳಿಯ ಮೇಲೂ ಅರ್ಧ ಕಪ್ಪಿನ ಮೇಲೂ ಬಿದ್ದರೆ, ಲೆಕ್ಕಹಾಕಿದ ನಡುಬಿಂದು ಬಿಳಿಯ ಕಡೆಗೆ ವಾಲುತ್ತದೆ. ಆಗ ಸಮತಟ್ಟಾದ ಜಾಗದಲ್ಲೂ ಇಲ್ಲದ ಉಬ್ಬೊಂದು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಟೈರನ್ನು ತಿರಸ್ಕರಿಸುವ ಮೊದಲು ಅದೇ ಜಾಗದ ಹೊಳಪನ್ನು ನೋಡಿ: ಅಲ್ಲಿ ಹೊಳಪು ತಟ್ಟನೆ ಬದಲಾಗಿದ್ದರೆ ಆ ಉಬ್ಬನ್ನು ಅನುಮಾನಿಸಲೇಬೇಕು. ಎತ್ತರದ ಏಣಿನ ಮರೆಯಲ್ಲಿ ಗೆರೆಯೇ ಕಾಣದ ಬಿಂದುಗಳಿಗೆ ಕ್ಯಾಮೆರಾ ಸೊನ್ನೆ ಬರೆದಿದ್ದರೆ, ಅದನ್ನು ಗುಂಡಿ ಎಂದು ಓದಬಾರದು.

ಇನ್ನೊಂದು ಮಾತು. ಹೊಳಪಿನ ಚಿತ್ರವು ಲೇಸರಿನ ಒಂದೇ ಬಣ್ಣದಲ್ಲಿ ಕಂಡ ಜಗತ್ತು. 660 ನ್ಯಾನೋಮೀಟರಿನ ಕೆಂಪು ಲೇಸರಿನಲ್ಲಿ, ಹೊಸ ಟೈರಿನ ಮೇಲಿಡುವ ಕೆಂಪು ಚುಕ್ಕೆಯೂ ಹಳದಿ ಚುಕ್ಕೆಯೂ ಒಂದೇ ತರಹ ಬೆಳ್ಳಗೆ ಕಾಣುತ್ತವೆ. ನೀಲಿ ಲೇಸರಿಗೆ ಬದಲಾಯಿಸಿದರೆ ಎರಡೂ ಮಂಕಾಗುತ್ತವೆ. ಅವುಗಳನ್ನು ಬೇರ್ಪಡಿಸಬೇಕಿದ್ದರೆ ಹಳದಿ ಹೊಳೆದು ಕೆಂಪು ಕಪ್ಪಾಗುವ ಹಸಿರು ಬೆಳಕಿನಲ್ಲಿ ನೋಡುವ ಪ್ರತ್ಯೇಕ ಕ್ಯಾಮೆರಾ, ಇಲ್ಲವೇ ಬಣ್ಣದ ಕ್ಯಾಮೆರಾ ಬೇಕಾಗುತ್ತದೆ.