ಕೈಗೆಟುಕದ ಎತ್ತರದ ಕಿಟಕಿಯಿಂದ ಮನೆಗೆ ಗಾಳಿ ಆಡಿಸುವುದು ಹೇಗೆ?

ಬೆಂಗಳೂರಿನಲ್ಲಿ ಕಟ್ಟಿಸುತ್ತಿರುವ ಮನೆಯ ಡಬಲ್ ಹೈಟ್ ಹಾಲ್‌ಗೆ 18 ಅಡಿ ಮೇಲೆ ಕಿಟಕಿ ಇಟ್ಟರೆ ದಿನಾ ತೆಗೆದು ಮುಚ್ಚೋದು ಹೇಗೆ ಅಂತ ಕೇಳಿದ್ದೀರಿ. ದಿನಾ ಮುಟ್ಟುವ ಅಗತ್ಯವೇ ಬರದ ಹಾಗೆ ಮಾಡಿ ಅನ್ನೋದು ನನ್ನ ಸಲಹೆ.

ಬಿಸಿ ಗಾಳಿ ಮೇಲಿನಿಂದ ಹೊರಗೆ ಹೋದಂತೆ ಕೆಳಗಿನ ಕಿಟಕಿಯಿಂದ ತಂಪು ಗಾಳಿ ಒಳಗೆ ಬರುತ್ತದೆ. ಹಾಗಾಗಿ ಕೆಳಗೂ ದಾರಿ ಬೇಕೇ ಬೇಕು. ಎರಡರಲ್ಲಿ ಚಿಕ್ಕದು ಯಾವುದೋ, ಗಾಳಿ ಅದರ ಲೆಕ್ಕದಲ್ಲೇ ಆಡುತ್ತದೆ. ಏಪ್ರಿಲ್ ಮಧ್ಯಾಹ್ನ ಹೊರಗೇ ಜಾಸ್ತಿ ಬಿಸಿ ಇದ್ದಾಗ ಇದರಿಂದ ಲಾಭ ಕಡಿಮೆ. ನಿಜವಾದ ಉಪಯೋಗ ಸಂಜೆ, ರಾತ್ರಿ.

ಮೇಲೆ ಹೊರಕ್ಕೆ ಇಳಿಜಾರಾಗಿರುವ ಫಿಕ್ಸೆಡ್ ಲೂವರ್ (ಸದಾ ತೆರೆದೇ ಇರುವ ಓರೆ ಪಟ್ಟಿಗಳ ಸಾಲು) ಹಾಕಿಸಿ. ಪೂರ್ವ ಅಥವಾ ಉತ್ತರದ ಗೋಡೆ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಕಡೆಯಿಂದ ಬೀಸುವ ಗಾಳಿ ಅಲ್ಲಿಂದ ಒಳಗಿನ ಗಾಳಿಯನ್ನು ಹೊರಗೆಳೆಯುತ್ತದೆ. ಹಿಂಗಾರು ಮಳೆ ಈಶಾನ್ಯದಿಂದ ಬರಬಹುದು, ಆದ್ದರಿಂದ ಮೇಲೊಂದು ಸಜ್ಜಾ ತಪ್ಪದೆ ಹಾಕಿಸಿ.

ಚಳಿಗಾಲದಲ್ಲಿ ಮುಚ್ಚಲೇಬೇಕು ಅಂದರೆ ಕೆಳಗಿನಿಂದ ಹ್ಯಾಂಡಲ್ ತಿರುಗಿಸುವ ಗೇರ್ ಇರುವ, ಮೇಲಂಚಿನಲ್ಲಿ ಕೀಲು (ಹಿಂಜ್) ಇರುವ ಕಿಟಕಿ ಹಾಕಿಸಿ. ಮೋಟರ್ ಕೂಡ ಆಗುತ್ತದೆ, ಆದರೆ ಕರೆಂಟ್ ಹೋದಾಗ ಮಳೆ ಬಂದರೆ ಕಷ್ಟ ಅಲ್ವಾ?

ಜನ ಮರೆಯುವುದು ಸೊಳ್ಳೆ ಪರದೆಯನ್ನು. ಜೇಡರ ಬಲೆ, ಧೂಳು ಕಟ್ಟಿ ತೂತುಗಳೇ ಮುಚ್ಚಿಹೋಗುತ್ತವೆ. ಪರದೆಯನ್ನು ಬಿಚ್ಚಲು ಬರುವ ಫ್ರೇಮ್‌ನಲ್ಲಿ, ಮಹಡಿಯ ಪ್ಯಾಸೇಜ್‌ನಿಂದ ಕೈಗೆ ಸಿಗುವ ಜಾಗದಲ್ಲಿ ಕೂರಿಸಿ.