ನಮ್ಮ ಮನೆಗೆ ನಾನೇ ಬೆಲ್ ಒತ್ತಿ ನಿಂತೆ

(ಗುರುತು ಸಿಗದಂತೆ ಓಣಿ ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆ ಕೇಳಲು ಬಂದವರು 61 ವರ್ಷದ ನಿವೃತ್ತ ಶಿಕ್ಷಕಿ. ಶಾಲೆಯ ಮಕ್ಕಳು ಕರೆಯುತ್ತಿದ್ದ ಹಾಗೆ ನಾನೂ ಅಕ್ಕೋರು ಅಂತಲೇ ಕರೆದೆ. ಈಗ ಹುಬ್ಬಳ್ಳಿಯಲ್ಲಿ ಮಗನ ಹತ್ತಿರ ಇದ್ದಾರೆ. ಧಾರವಾಡದ ಮಾಳಮಡ್ಡಿಯಲ್ಲಿ ಯಜಮಾನರು ಕಟ್ಟಿಸಿದ ಮನೆ ಮಾರಬೇಕು. ಕೊಳ್ಳುವವರಿಂದ ಸಂಚಕಾರ, ಅಂದರೆ ಮುಂಗಡ ಹಣವೂ ಬಂದಿದೆ. ಒಂಬತ್ತು ವರ್ಷದಿಂದ ಇರುವ ಬಾಡಿಗೆದಾರರು ಮಾತ್ರ ಬಿಡುತ್ತಿಲ್ಲ. ಎರಡು ತಿಂಗಳಿಂದ ಅಕ್ಕೋರಿಗೆ ಸರಿಯಾಗಿ ನಿದ್ದೆ ಇಲ್ಲ.

ಅರ್ಧ ಗಂಟೆ ಬರೀ ದೂರು. ಆಮೇಲೆ ಪರ್ಸಿನಿಂದ ಹಳೇ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟರು. "ನಮ್ಮ ಮನಿಗೆ ನಾನ ಬೆಲ್ ಒತ್ತಿ ನಿಂತೆರಿ ಮೇಡಂ. ಆಕಿ ಚೈನ್ ಸುದ್ದಾ ತಗೀಲಿಲ್ಲ. ಬಾಗಿಲಾ ಸಂದಿಯಿಂದನ ಮಾತಾಡಿ ಕಳಿಸಿದ್ಲು." ಇಷ್ಟು ಹೇಳಿ ಅತ್ತುಬಿಟ್ಟರು. ದುಡ್ಡಿಗಿಂತ ಜಾಸ್ತಿ ಚುಚ್ಚುತ್ತಿದ್ದದ್ದು ಇದು.

ಮಗ ಬೇರೆ ಲೆಕ್ಕ ಹಾಕಿದ್ದ. ನೀರು ಬಂದ್ ಮಾಡುವುದು, ಅವರು ಊರಿಗೆ ಹೋದಾಗ ಹೊಸ ಕೀಲಿ ಜಡಿಯುವುದು. ಬೇಡವೇ ಬೇಡ ಅಂದೆ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, ಮಾಲೀಕರೇ ಆದರೂ ಸರಿ, 1963ರ ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 6ನೇ ಕಲಂ ಪ್ರಕಾರ ಬಾಡಿಗೆದಾರರು 6 ತಿಂಗಳೊಳಗೆ ದಾವೆ ಹೂಡಿ ಮನೆಯನ್ನು ಮತ್ತೆ ವಶಕ್ಕೆ ಕೇಳಬಹುದು. ಮಾರಾಟ ಅಲ್ಲಿಗೇ ನಿಲ್ಲುತ್ತದೆ. ಮನೆ ಬಿಡಿ ಅಂತ ಕೊಡುವ ನೋಟಿಸ್ ವಿಷಯಕ್ಕೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಲು ಹೇಳಿದೆ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ಉಚಿತ ನೆರವು ಉಂಟು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ನನಗೆ ಬೇಜಾರಾಗುವುದು ಅದಕ್ಕೇ.

"ಅವರು ಯಾಕೆ ಬಿಡುತ್ತಿಲ್ಲ ಅಂತ ಕೇಳಿದ್ದೀರಾ?" ಅಂದೆ. ಅಕ್ಕೋರು ಸುಮ್ಮನಾದರು. ಕೇಳಿರಲಿಲ್ಲ. ಮನೆ ಮಾರುವ ಸುದ್ದಿಯೂ ಆ ಮನೆಯವರಿಗೆ ದಲ್ಲಾಳಿಯಿಂದಲೇ ಗೊತ್ತಾಗಿತ್ತು. ತಿಂಗಳು ತಪ್ಪದೆ ಬಾಡಿಗೆ ಕೊಟ್ಟವರಿಗೆ ಅದೂ ಅವಮಾನವೇ ಅಲ್ವಾ?

ನಾನು ಹೇಳಿದ್ದು ಇಷ್ಟು. ಫೋನ್ ಮಾಡಿ, ಅವರಿಗೆ ಅನುಕೂಲವಾದ ಹೊತ್ತಿಗೆ ಒಬ್ಬರೇ ಹೋಗಿ. "ಯಾವಾಗ ಬಿಡ್ತೀರಿ" ಅಂತ ಶುರು ಮಾಡಬೇಡಿ. ನಾನೇ ಬಂದು ಹೇಳಬೇಕಿತ್ತು, ತಪ್ಪಾಯಿತು ಅನ್ನಿ. ಅವರ ತೊಂದರೆ ಪೂರ್ತಿ ಕೇಳಿ. ಡಿಪಾಸಿಟ್ ಯಾವ ದಿನ ವಾಪಸ್ ಅಂತ ಬರೆದು ಕೊಡಿ. ಒಪ್ಪಿದರೆ ಬಾಯಿಮಾತಿಗೆ ಬಿಡದೆ ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಿ. ಅಲ್ಲಿನ ತೀರ್ಪಿಗೆ ಕೋರ್ಟ್ ಡಿಕ್ರಿಯ ಬಲ ಇದೆ.

ಮೂರನೇ ಭೇಟಿಗೆ ಬಂದಾಗ ಕಾರಣ ಗೊತ್ತಾಗಿತ್ತು. ಆ ಮನೆಯ ಮಗಳು ಎಸ್‌ಎಸ್‌ಎಲ್‌ಸಿ. ಮನೆ ಬೇರೆಯವರ ಕೈಗೆ ಹೋದರೆ ಡಿಪಾಸಿಟ್ ಯಾರನ್ನು ಕೇಳುವುದು ಅನ್ನುವ ಹೆದರಿಕೆ ಬೇರೆ. ಪರೀಕ್ಷೆ ಮುಗಿದ ಮೇಲೆ ಬಿಡಲು ಒಪ್ಪಿದ್ದಾರೆ. ಕೊಳ್ಳುವವರೂ ಕಾಯುತ್ತಾರಂತೆ. "ಈ ಸಲ ಒಳಗ ಕರದ್ಲುರಿ" ಅಂದರು ಅಕ್ಕೋರು.

ಮಗನ ಸಿಟ್ಟು ಇನ್ನೂ ಇಳಿದಿಲ್ಲ. ಮುಂದಿನ ವಾರ ಅವನನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.