ಮನೆ ಕೊಡಿ, ಆದರೆ ಎರಡೂ ಕರಾರು ಒಟ್ಟಿಗೆ ಓದಿ

ಸರ್, ಬೆಳಗಾವಿ ಟಿಳಕವಾಡಿಯ ಸ್ವಂತ ಮನೆ ಬಾಡಿಗೆಗೆ ಕೊಟ್ಟು, ಬಾಗಲಕೋಟೆ ನವನಗರದಲ್ಲಿ ಬಾಡಿಗೆಗೆ ಇದ್ದರೆ ಟ್ಯಾಕ್ಸ್ ಹೊರೆಯಾಗುತ್ತಾ, ಬೀಗ ಹಾಕಿಡೋದೇ ವಾಸಿಯಾ ಅಂತ ಕೇಳಿದ್ದೀರಿ. ಧಾರಾಳವಾಗಿ ಕೊಡಿ. ಬೆಳಗಾವಿ ಮಳೆಗೆ ಮುಚ್ಚಿಟ್ಟ ಮನೆ ಬೇಗ ಹಾಳಾಗುತ್ತೆ. ಗೋಡೆಗೆ ಬೂಷ್ಟು ಹಿಡಿಯುತ್ತೆ, ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತೆ.

ಟ್ಯಾಕ್ಸಿಗೆ ಹೆದರಬೇಡಿ. ಬಂದ ಬಾಡಿಗೆಯಲ್ಲಿ ನೀವು ಕಟ್ಟಿದ ಪಾಲಿಕೆ ತೆರಿಗೆ ಕಳೆಯಿರಿ. ಉಳಿದದ್ದರಲ್ಲಿ 30% ಬಿಲ್ ಇಲ್ಲದೆಯೇ ಬಿಡ್ತಾರೆ. ಮನೆ ಸಾಲದ ಬಡ್ಡಿಯೂ ಕಳೆಯುತ್ತೆ. ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ನವನಗರದ ಬಾಡಿಗೆಗೆ ಎಚ್‌ಆರ್‌ಎ (ಸಂಬಳದಲ್ಲಿ ಬರೋ ಮನೆ ಬಾಡಿಗೆ ಭತ್ಯೆ) ವಿನಾಯಿತಿ ಕೇಳಬಹುದು. ಬೇರೆ ಊರಲ್ಲಿ ಸ್ವಂತ ಮನೆ ಇರೋದು ಅದಕ್ಕೆ ಅಡ್ಡಿಯಲ್ಲ. ಹೊಸ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ.

ಸುಮಾರು ಜನ ಮರೆಯೋದು ಕರೆಂಟ್ ಮೀಟರ್. ಗೃಹಜ್ಯೋತಿಗೆ ನಿಮ್ಮ ಆಧಾರ್ ಟಿಳಕವಾಡಿ ಮೀಟರಿಗೆ ಜೋಡಿಸಿದ್ದರೆ ಮೊದಲು ಡಿ-ಲಿಂಕ್ ಮಾಡಿಸಿ. ಆಮೇಲೆ ನವನಗರದ ಮನೆಗೆ ಅರ್ಜಿ ಹಾಕಿ. ನಿಮ್ಮ ಬಾಡಿಗೆದಾರರೂ ತಮ್ಮ ಹೆಸರಲ್ಲಿ ಹಾಕಿಕೊಳ್ತಾರೆ. ಎರಡೂ ಊರಿಗೆ ಕರೆಂಟ್ ಕೊಡೋ ಕಂಪನಿ ಹೆಸ್ಕಾಂ ಒಂದೇ.

ನನಗೆ ಮುಖ್ಯ ಅನಿಸೋದು ನೋಟಿಸ್ ಅವಧಿ, ಅಂದ್ರೆ ಖಾಲಿ ಮಾಡಿ ಅಂತ ಎಷ್ಟು ದಿನ ಮುಂಚೆ ಹೇಳಬೇಕು ಅನ್ನೋದು. 11 ತಿಂಗಳ ಕರಾರು ಎಲ್ಲರೂ ಮಾಡ್ತಾರೆ, ಆ ಸಾಲನ್ನು ಮಾತ್ರ ಸುಮ್ನೆ ದಾಟಿಬಿಡ್ತಾರೆ. ನಿಮ್ಮ ಮಾಲೀಕರು ನಿಮಗೆ ಒಂದು ತಿಂಗಳು ಅಂತ ಬರೆದು, ನೀವು ನಿಮ್ಮ ಬಾಡಿಗೆದಾರರಿಗೆ ಮೂರು ತಿಂಗಳು ಅಂತ ಬರೆದರೆ, ನಡುವಿನ ಎರಡು ತಿಂಗಳು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿರ್ತೀರಿ? ನವನಗರದ ಕರಾರಿನಲ್ಲಿ ಜಾಸ್ತಿ ಅವಧಿ ಕೇಳಿ, ಟಿಳಕವಾಡಿಯದರಲ್ಲಿ ಅದಕ್ಕಿಂತ ಕಡಿಮೆ ಇಡಿ. ಸಹಿ ಹಾಕೋ ಮುಂಚೆಯೇ ಮಾತಾಡಿ.